ಗಡಿಯಾರದ ದೇವರು, ಸೇವಂತಿಗೆಯ ದೇವಿ

ಜನವರಿ ೧೬, ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬರೆಯಲು ಕೂತಿದ್ದೇನೆ. ಎದುರಿಗೆ ನನ್ನ ಹನ್ನೆರಡನೆಯ ವಯಸ್ಸಿನ ಡೈರಿ ಇದೆ. ನೀಲಿ ರಟ್ಟು, ನೂರ ತೊಂಬತ್ತೆರಡು ಪುಟ, ಬರೆದದ್ದು ನೂರ ಎಪ್ಪತ್ತೊಂದು. ಇಪ್ಪತ್ತಮೂರು ತುಂಬದವಳು ಬಾಲ್ಯದ ನೆನಪು ಬರೆಯುವುದು ಎಂದರೆ ಅಮ್ಮನಿಗೆ ನಗು. ಇರಲಿ. ಏಪ್ರಿಲ್ ೨೮ರಿಂದ ಮೇ ೧೫ರವರೆಗಿನ ಹದಿನೆಂಟು ದಿನಗಳಲ್ಲಿ ನನ್ನ ತಲೆಯೊಳಗೆ ಮತ್ತು ನಮ್ಮ ಮನೆಯೊಳಗೆ ಆದದ್ದನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ.

ಮನೆಯೆಂದರೆ ಗಲ್ಫಿನ ದೋಹಾ ನಗರದ ಬಿನ್ ಮಹಮೂದ್ ಬಡಾವಣೆಯಲ್ಲಿ ಎರಡನೆಯ ಮಾಳಿಗೆಯ ಫ್ಲಾಟು. ಒಂದು ಹಾಲು, ಒಂದು ಬೆಡ್‌ರೂಮು, ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಅಡುಗೆಮನೆ. ಕೆಳಗೆ ಕ್ಲಿನಿಕ್ಕು, ಹಾಗಾಗಿ ಮೆಟ್ಟಿಲಿಗೆ ಯಾವಾಗಲೂ ಡೆಟಾಲಿನ ವಾಸನೆ. ಹಾಲಿಗೆ ಮೂರು ಕೆಲಸ. ಬೆಳಿಗ್ಗೆ ಅದು ದೇವರ ಕೋಣೆ, ಸಂಜೆ ನನ್ನ ಓದುವ ಕೋಣೆ, ಆಮೇಲೆ ದಿನೇಶ ಮಾವನ ಮಲಗುವ ಕೋಣೆ. ಮಾವ ಅಮ್ಮನ ತಮ್ಮ, ಏಸಿ ಟೆಕ್ನೀಷಿಯನ್, ಮದುವೆಯಾಗಿರಲಿಲ್ಲ. ಅವನ ಹಾಸಿಗೆ ಹಾಲಿನ ಬಲಮೂಲೆಯಲ್ಲಿ. ಎದುರು ಗೋಡೆಯ ಕಪಾಟಿನ ಮೇಲಿನ ಹಲಗೆಯಲ್ಲಿ ಅಮ್ಮನ ಹಿತ್ತಾಳೆ ದೇವಿ, ಗೇಣುದ್ದ. ಅಪ್ಪ ಒಂದು ಕಟ್ಟಡ ಕಂಪೆನಿಯಲ್ಲಿ ಟೈಮ್ ಕೀಪರ್. ಸೈಟಿನ ಗೇಟಿನಲ್ಲಿ ಕೂತು ಯಾರು ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೋದರು ಎಂದು ಬರೆಯುವುದು ಅವರ ಕೆಲಸ. ಪುಟಕ್ಕೆ ಗೆರೆ ಎಳೆದು ಕಾಲಮ್ಮು ಮಾಡುವುದನ್ನು ನನಗೆ ಕಲಿಸಿದ್ದು ಅವರೇ. ಕನ್ನಡ ಕಲಿಸಿದ್ದು ಅಮ್ಮ, ಶುಕ್ರವಾರಗಳಂದು, ಹಬೆಯಲ್ಲಿ ಅಕ್ಕಿಯುಂಡೆಯ ಪುಂಡಿ ಬೇಯುವಷ್ಟು ಹೊತ್ತು. ಮನೆಯ ಮಾತು ತುಳು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್ ೨೮, ಮಂಗಳವಾರ, ಮೂರನೆಯ ಪೀರಿಯಡ್. ಶಾಲೆಯ ಸೆಮಿನಾರಿಗೆ ಸೋಶಿಯಲ್ ಮಿಸ್ ಚೀಟಿ ಎತ್ತಿಸಿದರು. ನನಗೆ ಬಂದದ್ದು ‘ಅಮೆರಿಕ ದೇಶದ ಸ್ಥಾಪನೆಯ ಹಿಂದಿನ ಧರ್ಮವಿಚಾರ: ಡೀಯಿಸಂ’. ಪಕ್ಕದವಳಿಗೆ ಜ್ವಾಲಾಮುಖಿ ಬಂದಿತ್ತು. ಬದಲಾಯಿಸಿಕೊಳ್ಳೋಣವಾ ಎಂದು ಕೇಳಿದೆ. ಅವಳು ಒಪ್ಪಲಿಲ್ಲ. ಪುಣ್ಯಕ್ಕೆ ಒಪ್ಪಲಿಲ್ಲ! ಲೈಬ್ರರಿಯಲ್ಲಿ ಕೂತು ಮೊದಲ ನಾಲ್ಕು ಪುಟ ಓದುವಷ್ಟರಲ್ಲಿ ನನ್ನ ಕಾಲು ಮೇಜಿನ ಕೆಳಗೆ ತಾನಾಗಿ ಕುಣಿಯುತ್ತಿತ್ತು. ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ, ಫ್ರಾನ್ಸಿನಲ್ಲಿ ಕೆಲವರು ಹೀಗೆ ಹೇಳತೊಡಗಿದ್ದರಂತೆ: ದೇವರಿದ್ದಾನೆ, ಜಗತ್ತನ್ನು ಮಾಡಿದವನು ಅವನೇ, ಆದರೆ ಮಾಡಿ ಮುಗಿಸಿ ಅದನ್ನು ಅದರ ನಿಯಮಗಳಿಗೆ ಬಿಟ್ಟಿದ್ದಾನೆ. ಒಳ್ಳೆಯ ಗಡಿಯಾರ ಮಾಡಿದವನು ಗಂಟೆಗೊಮ್ಮೆ ಬಂದು ಮುಳ್ಳು ತಿರುಗಿಸುತ್ತಾನೆಯೇ? ಅವನನ್ನು ತಿಳಿಯುವುದಕ್ಕೆ ಪವಾಡ ಬೇಡ, ಮಧ್ಯೆ ಪುರೋಹಿತ ಬೇಡ, ಬುದ್ಧಿ ಸಾಕು, ಕಣ್ಣ ಮುಂದಿನ ಪ್ರಕೃತಿ ಸಾಕು. ಈ ವಿಚಾರ ಹಡಗು ಹತ್ತಿ ಅಮೆರಿಕಕ್ಕೆ ಹೋಯಿತು. ಅಲ್ಲಿ ಹೊಸ ದೇಶ ಕಟ್ಟಲು ಹೊರಟವರಲ್ಲಿ ಕೆಲವರಿಗೆ ಅದು ಮನಸ್ಸಿಗೆ ಹಿಡಿಯಿತು. ಅವರಲ್ಲೊಬ್ಬರು ಬ್ಲೇಡು ಹಿಡಿದು ಬೈಬಲಿನಿಂದ ಪವಾಡಗಳನ್ನು ಬಿಟ್ಟು ನೀತಿಯ ಮಾತುಗಳನ್ನಷ್ಟೇ ಕತ್ತರಿಸಿ ಬೇರೆ ಪುಸ್ತಕಕ್ಕೆ ಅಂಟಿಸಿಕೊಂಡಿದ್ದರಂತೆ. ಸ್ವಾತಂತ್ರ್ಯ ಸಾರುವಾಗ ಅವರು ಹೆಸರಿಸಿದ್ದು ಪ್ರಕೃತಿಯ ದೇವರನ್ನು. ಆಮೇಲೆ ಸಂವಿಧಾನ ಬರೆಯುವಾಗ ದೇವರಿಗೆ ಯಾವ ಕೆಲಸವನ್ನೂ ವಹಿಸಲಿಲ್ಲ. ಅಧಿಕಾರಕ್ಕೆ ಬರುವವನ ಧರ್ಮವನ್ನು ಪರೀಕ್ಷಿಸುವ ಹಾಗಿಲ್ಲ ಎಂದೂ ಬರೆದರು. ದೇವರೇ ನನ್ನನ್ನು ಇಲ್ಲಿ ಕೂರಿಸಿದ್ದಾನೆ ಎನ್ನುವ ರಾಜನ ಬಾಯಿ ಬಂದ್! ಎಲ್ಲ ಸ್ಥಾಪಕರೂ ಹಾಗಿರಲಿಲ್ಲ, ಹಲವರು ತಪ್ಪದೆ ಚರ್ಚಿಗೆ ಹೋಗುವ ಭಕ್ತರಾಗಿದ್ದರು ಎಂದು ಮಿಸ್ ಕೆಂಪು ಶಾಯಿಯಲ್ಲಿ ಸೇರಿಸಿದರು. ಅದನ್ನೂ ಬರೆದುಕೊಂಡೆ. ಆದರೆ ಹನ್ನೆರಡು ವರ್ಷದವಳಿಗೆ ಕೆಂಪು ಶಾಯಿ ಎಲ್ಲಿ ಕಾಣುತ್ತದೆ!

ಮೇ ೧, ಶುಕ್ರವಾರ, ಮಧ್ಯಾಹ್ನದ ಊಟ. ಕೋರಿ ರೊಟ್ಟಿ, ಗರಿಗರಿ ಅಕ್ಕಿ ರೊಟ್ಟಿಯ ಮೇಲೆ ಕೋಳಿ ಸಾರು. ಸಾರು ಬಿದ್ದು ರೊಟ್ಟಿ ಮೆತ್ತಗಾಗುವುದನ್ನೂ ಕಾಯದೆ ನಾನು ಘೋಷಿಸಿದೆ.

“ದೇವರು ಇದ್ದಾನೆ. ಆದರೆ ನಮ್ಮ ಯಾವ ವಿಷಯಕ್ಕೂ ಬರುವುದಿಲ್ಲ.”

“ಎಂತ ಹೇಳಿದಿ?” ಅಮ್ಮನ ಕೈಯಲ್ಲಿ ಸೌಟು ನಿಂತಿತು.

“ಗಡಿಯಾರ ಮಾಡಿ ಕೀ ಕೊಟ್ಟು ಹೋಗಿದ್ದಾನೆ.”

“ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಅಂತ ಕೇಳಿದ್ದಿಯಾ? ನೀನು ತಿನ್ನುವ ಆ ಕೋಳಿ ಯಾರು ಕೊಟ್ಟದ್ದು?”

“ಬ್ರೆಜಿಲಿನವರು ಅಕ್ಕಾ,” ಎಂದ ಮಾವ. “ಪ್ಯಾಕೆಟಿನ ಮೇಲೆ ಬರೆದುಂಟು.”

“ನೀನು ಸುಮ್ಮನಿರು ಮಾರಾಯ. ಇವಳಿಗೆ ತಲೆಯಲ್ಲಿ ಕೂದಲಿಗಿಂತ ಜಾಸ್ತಿ ಲೆಕ್ಕ. ನೀನು ಎಣ್ಣೆ ಹಾಕಬೇಡ.”

ಅಪ್ಪ ಮಾತ್ರ ರೊಟ್ಟಿ ಮುರಿಯುತ್ತ ಯೋಚಿಸಿ ಹೇಳಿದರು. “ಆಯ್ತು ಮಗಾ, ಮಾಡಿದವ ಹೋದ. ಆದರೆ ಟೈಮ್ ಕೀಪರ್ ದಿನಾ ಬರಬೇಕಲ್ಲ? ಅವನು ಯಾರು?”

ಡೈರಿಯಲ್ಲಿ ‘ಅಪ್ಪನ ಪ್ರಶ್ನೆ, ಒಂದು, ಬಾಕಿ’ ಎಂದು ಬರೆದೆ.

ಅಮ್ಮನ ಸಿಟ್ಟಿಗೆ ಕಾರಣ ಇತ್ತು. ನಮ್ಮ ಮನೆಯಲ್ಲಿ ಪ್ರತಿ ದೊಡ್ಡ ವಿಷಯಕ್ಕೂ ದೇವಿ ಬರುತ್ತಿದ್ದಳು. ಊರಿನಲ್ಲಿ ದೇವಸ್ಥಾನಗಳಲ್ಲಿ ಹೂ ಕೇಳುವ ಹಾಗೆ ಅಮ್ಮ ಮನೆಯಲ್ಲೇ ಕೇಳುತ್ತಿದ್ದಳು. ಸೇವಂತಿಗೆಯ ಎರಡು ಎಸಳು ನೀರಲ್ಲಿ ಅದ್ದಿ, ದೇವಿಯ ಬಲಭುಜಕ್ಕೊಂದು ಎಡಭುಜಕ್ಕೊಂದು ಅಂಟಿಸಿ, ಕೈ ಮುಗಿದು, ಎಲ್ಲರಿಗೂ ಕೇಳುವ ಹಾಗೆ ಪ್ರಶ್ನೆ ಹೇಳುವುದು. ನೀರು ಒಣಗುತ್ತ ಬಂದಂತೆ ಎಸಳು ಬೀಳುತ್ತದೆ. ಬಲದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಸೇವಂತಿಗೆ ವಿಮಾನದಲ್ಲಿ ಬರಬೇಕಾದ ಊರಿನಲ್ಲಿ ಅಮ್ಮ ಅದನ್ನು ಫ್ರಿಜ್ಜಿನಲ್ಲಿ ಮೊಟ್ಟೆ ಇಡುವ ಗುಳಿಗಳಲ್ಲಿ ಒಂದೊಂದಾಗಿ ಇಡುತ್ತಿದ್ದಳು. ಹತ್ತನೆಯ ವಯಸ್ಸಿನಿಂದ ನಾನು ಇದನ್ನೆಲ್ಲ ಬರೆದಿಡುತ್ತಿದ್ದೆ. ತಾರೀಖು, ಗಂಟೆ, ಪ್ರಶ್ನೆ, ಯಾವ ಬದಿ, ಎಷ್ಟು ನಿಮಿಷ. ಭಕ್ತಿಯಿಂದಲೇ. ಏಸಿ ಹಾಕಿತ್ತೋ ಇಲ್ಲವೋ ಎಂಬ ಕಾಲಮ್ಮು ಮಾತ್ರ ಮಾವ ತಮಾಷೆಗೆ ಸೇರಿಸಿದ್ದು. “ಆಡಿಟರಮ್ಮಾ, ನನ್ನ ಡಿಪಾರ್ಟ್‌ಮೆಂಟಿಗೂ ಒಂದು ಜಾಗ ಕೊಡು” ಎಂದಿದ್ದ.

ಮೇ ೪, ಸೋಮವಾರ. ಅಪ್ಪ ಬಂದವರೇ ಶೂ ಬಿಚ್ಚದೆ ಬಾಗಿಲಲ್ಲೇ ಕೂತರು. ಅವರನ್ನು ಉತ್ತರಕ್ಕೆ, ರಾಸ್ ಲಫಾನಿನ ಸೈಟಿಗೆ ಹಾಕಿದ್ದರು. ಅದರ ಹತ್ತಿರದ ಅಲ್ ಖೋರಿನಲ್ಲಿ ಕಂಪೆನಿಯ ರೂಮು ಸಿಗುತ್ತದೆ, ಆದರೆ ಗಂಡಸರಿಗೆ ಮಾತ್ರ. ಇಲ್ಲವಾದರೆ ದೋಹಾದಿಂದ ಬೆಳಗಿನ ನಾಲ್ಕೂವರೆಯ ಕಂಪೆನಿ ಬಸ್ಸು, ಮನೆಗೆ ಮರಳುವಾಗ ಏಳು ದಾಟುತ್ತದೆ. ನಮ್ಮ ಪರಿಚಯದವರಲ್ಲಿ ಇಂಥದ್ದು ಬಂದಾಗೆಲ್ಲ ಒಂದೇ ದಾರಿ: ಹೆಂಡತಿ ಮಕ್ಕಳು ಊರಿಗೆ, ಗಂಡಸು ರೂಮಿಗೆ. ನಾನು ಲೆಕ್ಕ ಹಾಕಿದೆ. ನನ್ನ ಕ್ಲಾಸಿನಿಂದ ಎರಡು ವರ್ಷದಲ್ಲಿ ಹಾಗೆ ಹೋದವರು ಐದು ಜನ. ಆಮೇಲೆ ಅವರ ಅಪ್ಪಂದಿರು ಅವರನ್ನು ವರ್ಷಕ್ಕೊಮ್ಮೆ ನೋಡುವುದು. ಅಪ್ಪ ಅಮ್ಮನ ಮುಖ ನೋಡದೆ ಕೇಳಿದರು.

“ಸುರತ್ಕಲ್ಲಿನಲ್ಲಿ ಶಾಲೆ ಉಂಟಲ್ಲ, ಇವಳಿಗೆ?”

“ಉಂಟು,” ಎಂದಳು ಅಮ್ಮ. “ಬರುವ ವಾರದ ಶುಕ್ರವಾರ ಹೂ ಕೇಳ್ತೇನೆ.”

“ಸರಿ. ದೇವಿ ಕೊಟ್ಟ ಹಾಗೆ.”

ಅಷ್ಟೇ. ಮನೆಯಲ್ಲಿ ಯಾರೂ ಮತ್ತೆ ಆ ಮಾತು ಎತ್ತಲಿಲ್ಲ. ನಾನು ನನ್ನ ಹಳೆಯ ಕಾಲಮ್ಮುಗಳಿಗೆ ಹೋದೆ, ದೇವಿ ಸಾಮಾನ್ಯವಾಗಿ ಏನು ಹೇಳುತ್ತಾಳೆ ಎಂದು ತಿಳಿಯುವ ಆಸೆಯಿಂದ. ಮೇ ೯, ಶನಿವಾರ, ಬೆಳಿಗ್ಗೆ ಹತ್ತು ಐವತ್ತಕ್ಕೆ ಎಲ್ಲವನ್ನೂ ಈ ಡೈರಿಗೆ ಇಳಿಸಿ ಕೂಡಿಸಿ ಮುಗಿಸಿದೆ. ಒಟ್ಟು ಮೂವತ್ತನಾಲ್ಕು ಪ್ರಶ್ನೆ. ಏಸಿ ಹಾಕಿದ್ದಾಗ ಇಪ್ಪತ್ತಮೂರು, ಅದರಲ್ಲಿ ಬಲ ಇಪ್ಪತ್ತೊಂದು, ಎಡ ಎರಡು. ಏಸಿ ಇಲ್ಲದ ಚಳಿಗಾಲದಲ್ಲಿ ಹನ್ನೊಂದು: ಬಲ ಐದು, ಎಡ ಆರು. ನಾನು ಎದ್ದು ನಿಂತುಬಿಟ್ಟೆ. ಪೆನ್ಸಿಲು ಉರುಳಿ ಮಾವನ ಹಾಸಿಗೆಯ ಕೆಳಗೆ ಹೋಯಿತು. ಮಾವನನ್ನೇ ಎಳೆದು ತಂದೆ. ಅವನು ಟಿಶ್ಯೂ ಕಾಗದವನ್ನು ಉದ್ದಕ್ಕೆ ಸೀಳಿ ದೇವಿಯ ಎರಡೂ ಬದಿಗೆ ಹಿಡಿದ. ಬಲಭುಜದ ಹತ್ತಿರ ಕಾಗದ ಪಟಪಟ ಅಂದಿತು. ಎಡಭುಜದ ಹತ್ತಿರ ಸುಮ್ಮನಿತ್ತು.

“ಅಯ್ಯೋ ನನ್ನ ದೇವರೇ,” ಎಂದು ಅವನು ತಲೆಗೆ ಕೈ ಹಚ್ಚಿದ. “ಇದು ನನ್ನ ಕುತ್ತಿಗೆಯ ಕೆಲಸ!”

ಅವನಿಗೆ ತಣ್ಣಗಿನ ಗಾಳಿ ಕುತ್ತಿಗೆಗೆ ಬಿದ್ದರೆ ಸೀನು ಬರುತ್ತಿತ್ತು. ಅದಕ್ಕೆ ಏಸಿಯ ಬಾಯಿಯೊಳಗಿನ ಪಟ್ಟಿಗಳನ್ನು ಕೈಯಿಂದ ತನ್ನ ಹಾಸಿಗೆಯಿಂದ ಆಚೆಗೆ ವಾಲಿಸಿ ಇಟ್ಟಿದ್ದ. ಆ ಗಾಳಿ ನೇರ ಹೋಗಿ ದೇವಿಯ ಬಲಭುಜಕ್ಕೆ ಬಡಿಯುತ್ತಿತ್ತು. ಬಲದ ಎಸಳು ಬೇಗ ಒಣಗುತ್ತಿತ್ತು. ಎರಡು ಬೇಸಿಗೆ ನಮ್ಮ ಮನೆ ನಡೆದದ್ದು ದಿನೇಶ ಮಾವನ ಕುತ್ತಿಗೆಯಿಂದ!

“ಅಕ್ಕನಿಗೆ ಹೇಳಬೇಡ. ಖಲಾಸ್, ನನ್ನನ್ನು ಮನೆಯಿಂದ ಹೊರಗೆ ಹಾಕ್ತಾಳೆ,” ಎಂದ ಮಾವ.

ನಾನು ಹೇಳುವುದಿಲ್ಲ ಎಂದೆ. ನನಗೆ ಕುಣಿಯುವಷ್ಟು ಖುಷಿ. ಪುಸ್ತಕದಲ್ಲಿ ಓದಿದ್ದು ನಮ್ಮ ಹಾಲಿನಲ್ಲೇ ಸಾಬೀತಾಗಿತ್ತು. ಕೈ ಹಾಕುವ ದೇವರಿಲ್ಲ, ಗಾಳಿ ಇದೆ, ನೀರು ಇದೆ, ನಿಯಮ ಇದೆ. ಆದರೆ ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಅಮ್ಮ ಶುಕ್ರವಾರ ‘ನಾವು ಊರಿಗೆ ಹೋಗುವುದಾ’ ಎಂದು ಕೇಳುತ್ತಾಳೆ. ಮೇ ತಿಂಗಳು, ಏಸಿ ಇದ್ದೇ ಇರುತ್ತದೆ. ಬಲ ಬೀಳುತ್ತದೆ. ನಾವು ಹೋಗುತ್ತೇವೆ. ಯಾರದೋ ಕುತ್ತಿಗೆಗಾಗಿ ನನಗೆ ಅಪ್ಪ ಇಲ್ಲದಂತಾಗುತ್ತದೆ. ಆರು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಡೈರಿಯಲ್ಲಿ ಪ್ರತಿ ಊಟದ ಎದುರು ‘ಅರ್ಧ’ ಎಂದು ಬರೆದಿದೆ.

ಮೇ ೧೫, ಶುಕ್ರವಾರ, ಬೆಳಿಗ್ಗೆ ಆರು ಹತ್ತು. ಮಾವ ಸ್ನಾನಕ್ಕೆ ಹೋದ. ನಾನು ಸ್ಟೂಲು ಹತ್ತಿ ಪಟ್ಟಿಗಳನ್ನು ಒಂದೊಂದಾಗಿ ಇನ್ನೊಂದು ಬದಿಗೆ ತಿರುಗಿಸಿದೆ. ಒಟ್ಟು ಒಂಬತ್ತು ಪಟ್ಟಿ. ಸುಳ್ಳು ಹೇಳಬಾರದು, ಒಳಗೆ ಎಂಥದೋ ಭಯಂಕರ ಸಂತೋಷ ಇತ್ತು. ಇವತ್ತು ಮನೆ ನಡೆಸುವವಳು ನಾನು! ಏಳು ಗಂಟೆಗೆ ಅಮ್ಮ ಒದ್ದೆ ಕೂದಲಿಗೆ ಟವೆಲು ಸುತ್ತಿ ಬಂದು ಎಸಳು ಅಂಟಿಸಿದಳು. ಅಪ್ಪ ಗೋಡೆಗೆ ಒರಗಿ ನಿಂತಿದ್ದರು. ಮಾವ ತನ್ನ ಮೂಲೆಯಲ್ಲಿ ಚಹಾ ಹಿಡಿದು ಕೂತಿದ್ದ. ಅಮ್ಮ ಕೈ ಮುಗಿದಳು.

“ಅಮ್ಮಾ ತಾಯೀ, ನಾವು ಇಲ್ಲೇ, ಇವರೊಟ್ಟಿಗೇ ಇರುವುದಾದರೆ ಬಲದಲ್ಲಿ ಕೊಡು.”

ಅವಳು ಹೋಗುವುದಾ ಎಂದು ಕೇಳಲಿಲ್ಲ. ಇರುವುದಾ ಎಂದು ಕೇಳಿದಳು! ಅದುವರೆಗೆ ನನಗೆ ಇದು ಹೊಳೆದೇ ಇರಲಿಲ್ಲ. ಪಟ್ಟಿ ಮುಟ್ಟದಿದ್ದರೆ ಬಲವೇ ಬಿದ್ದು ನಾವು ಇಲ್ಲೇ ಇರುತ್ತಿದ್ದೆವು. ಸ್ಟೂಲು ಹತ್ತಲೂ ಆಗದೆ, ಏಸಿ ಆರಿಸಲೂ ಆಗದೆ ಗಡಿಯಾರ ನೋಡುತ್ತ ನಿಂತೆ. ಆರು ನಿಮಿಷಕ್ಕೆ ಎಡದ ಎಸಳು ಬಿತ್ತು. ಅಮ್ಮ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ನೇರ ಬೆಡ್‌ರೂಮಿಗೆ ಹೋದಳು. ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆಯುವ ಸದ್ದು ಕೇಳಿತು. ಅಪ್ಪ “ಸರಿ” ಎಂದರು, ಯಾರಿಗೂ ಅಲ್ಲದ ಹಾಗೆ. ಅಷ್ಟರಲ್ಲಿ ಮಾವ ಒಮ್ಮೆ ಸೀನಿದ. ಮತ್ತೊಮ್ಮೆ ಸೀನಿದ. ಮೂರನೆಯ ಸಲಕ್ಕೆ ಕುತ್ತಿಗೆ ಮುಟ್ಟಿಕೊಂಡು ಏಸಿಯ ಕಡೆ ನೋಡಿದ. ಆಮೇಲೆ ನನ್ನ ಕಡೆ.

“ಆಡಿಟರಮ್ಮಾ,” ಎಂದ ಮೆಲ್ಲಗೆ. “ಯಲ್ಲಾ, ನಡಿ. ನೀನು ಹೇಳ್ತಿಯಾ, ನಾನು ಹೇಳುವುದಾ?”

ನಾನು ಬೆಡ್‌ರೂಮಿನ ಬಾಗಿಲಿಗೆ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಪಟ್ಟಿ, ಟಿಶ್ಯೂ, ಕುತ್ತಿಗೆ, ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು. ಅಮ್ಮ ಸೂಟ್‌ಕೇಸಿನ ಮೇಲೆ ಕೂತು ಕೇಳಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ.

“ದೇವಿಯ ಕೈ ತಿರುಗಿಸಲಿಕ್ಕೆ ಹೋದಿಯಾ ನೀನು? ಇಷ್ಟೇ ಎತ್ತರ ಇದ್ದಿ, ಸ್ಟೂಲು ಬೇಕು ನಿನಗೆ.” ಅವಳು ತಲೆಯ ಟವೆಲು ಬಿಚ್ಚಿದಳು. “ಕಾರಣ ಎಂತ?”

“ಅಪ್ಪನನ್ನು ಬಿಟ್ಟು ಹೋಗುವುದು ಬೇಡ ಅಂತ.”

“ನಾನೂ ಅದನ್ನೇ ಅಲ್ವಾ ಕೇಳಿದ್ದು!”

ಅಪ್ಪ ನನ್ನ ಕೈಯಿಂದ ಡೈರಿ ತೆಗೆದುಕೊಂಡರು. ಕಾಲಮ್ಮು ಓದುವುದು ಅವರಿಗೆ ಅನ್ನ ಉಂಡಷ್ಟು ಸಲೀಸು. ಬಲ, ಎಡ ನೋಡುತ್ತಾರೆ ಎಂದುಕೊಂಡೆ. ಅವರು ಪ್ರಶ್ನೆಗಳನ್ನು ಓದತೊಡಗಿದರು, ನಿಧಾನವಾಗಿ, ದೊಡ್ಡ ಧ್ವನಿಯಲ್ಲಿ. ಹೊಲಿಗೆ ಕ್ಲಾಸಿಗೆ ಸೇರುವುದಾ. ಈ ಸಲ ಊರಿಗೆ ಹೋದಾಗ ಮೊದಲು ನನ್ನ ತಾಯಿಮನೆಗೆ ಹೋಗುವುದಾ. ದಿನೇಶನನ್ನು ನಮ್ಮೊಟ್ಟಿಗೆ ಇಟ್ಟುಕೊಳ್ಳುವುದಾ. ಮಗಳಿಗೆ ಡ್ಯಾನ್ಸು ಕಲಿಸುವುದಾ. ಓದುತ್ತ ಓದುತ್ತ ಅವರ ಧ್ವನಿ ಇಳಿಯಿತು.

“ಶೋಭಾ, ಇದು ಮೂವತ್ತನಾಲ್ಕೂ ನಿನಗೆ ಬೇಕಾದ್ದೇ. ಬೇಡದ್ದು ಒಂದೂ ಇಲ್ಲ.”

ಅಪ್ಪ ಡೈರಿ ಮುಚ್ಚಿ ಅಮ್ಮನ ಕಡೆ ತಿರುಗಿದರು.

“ನನ್ನ ಹತ್ತಿರವೇ ಹೇಳಬಹುದಿತ್ತಲ್ಲ?”

“ನಾನು ಹೇಳಿದರೆ ನೀವು ‘ನೋಡುವ’ ಅಂತೀರಿ. ದೇವಿ ಹೇಳಿದರೆ ‘ಆಯ್ತು’ ಅಂತೀರಿ.”

ಮಾವ ಬಾಗಿಲಲ್ಲಿ ಮತ್ತೊಮ್ಮೆ ಸೀನಿದ. ಯಾರೂ ನಗಲಿಲ್ಲ. ಅಪ್ಪ ಹಾಸಿಗೆಯ ಅಂಚಿಗೆ ಕೂತರು. ಏಸಿ ಆರಿಸಿ ಇನ್ನೊಮ್ಮೆ ಹೂ ಕೇಳು ಎಂದರು. ಅಮ್ಮ ತಲೆಯಾಡಿಸಿದಳು.

“ಇಲ್ಲ. ಸಾಕು. ಈಗ ನನ್ನನ್ನು ಕೇಳಿ.”

ಆ ಗಳಿಗೆಯಲ್ಲಿ ನನಗೆ ಪುಸ್ತಕ ಅರ್ಥವಾಯಿತು. ನಾನು ಅದುವರೆಗೆ ದೇವರು ಬರುವುದಿಲ್ಲ ಎಂಬ ಅರ್ಧವನ್ನಷ್ಟೇ ಓದಿದ್ದೆ. ದೇವರು ಬಂದು ಹೇಳುವುದಿಲ್ಲವಾದರೆ ಕೂತು ಒಬ್ಬರನ್ನೊಬ್ಬರು ಕೇಳಲೇಬೇಕು ಎಂಬುದು ಇನ್ನರ್ಧ. ಆ ಜನ ದೇಶ ಕಟ್ಟಲು ಹೊರಟದ್ದು ಅಲ್ಲಿಂದ. ಅಪ್ಪನ ಬಾಕಿ ಪ್ರಶ್ನೆಗೆ ಉತ್ತರವೂ ಅದೇ. ಟೈಮ್ ಕೀಪರು ಯಾರೂ ಅಲ್ಲ, ಎಲ್ಲರೂ. ನಾನು ಬಾಯಿ ತೆರೆದವಳು ನಿಲ್ಲಿಸಲೇ ಇಲ್ಲ. ಸಭೆ ಮಾಡೋಣ, ಮತ ಹಾಕೋಣ, ಬರೆದು ಸಹಿ ಮಾಡೋಣ ಎಂದು ಗಲಾಟೆ ಎಬ್ಬಿಸಿದೆ. ಹಾಲಿನಲ್ಲಿ ಪೇಪರು ಹಾಸಿ ನಾಲ್ವರೂ ಪುಂಡಿಯ ಪಾತ್ರೆಯ ಸುತ್ತ ಕೂತೆವು. ಅಮ್ಮ ಎದ್ದು ದೀಪ ಹಚ್ಚಲು ಹೋದಳು. ನಾನು ತಡೆದೆ, ಇದು ಡೀಯಿಸಂ ಸಭೆ ಎಂದೆ. ಹಾಗೆ ಹೇಳಿದ ಮೇಲೆ ಓದಿದ್ದೊಂದು ನೆನಪಾಗಿ ನಾಚಿಕೆಯಾಯಿತು. ಆ ಸ್ಥಾಪಕರಲ್ಲಿ ಎಲ್ಲರಿಗಿಂತ ಮುದುಕರಾದವರು ಯೌವನದಲ್ಲಿ ಪಕ್ಕಾ ಡೀಯಿಸ್ಟ್. ಸಂವಿಧಾನದ ಸಭೆ ಜಗಳಕ್ಕೆ ಬಿದ್ದು ನಿಂತಾಗ, ದಿನಾ ಪ್ರಾರ್ಥನೆ ಮಾಡಿ ಶುರುಮಾಡೋಣ ಎಂದು ಕೇಳಿಕೊಂಡವರು ಅವರೇ. ಅದನ್ನು ಅಮ್ಮನಿಗೆ ಹೇಳಿದೆ.

“ನೋಡಿದಿಯಾ! ಅಂಥವರಿಗೂ ಬೇಕಾಯಿತು.” ದೀಪ ಹತ್ತಿತು. “ಉಳಿದವರು ಒಪ್ಪಿದರಾ?”

“ಇಲ್ಲ.”

“ಅದಕ್ಕೇ ಜಗಳ ಮುಗಿಯದ್ದು.”

ಅಮ್ಮ ಮೊದಲು ಮಾತಾಡಿದಳು, ಪೂರಾ ಹನ್ನೊಂದು ನಿಮಿಷ. ಅವಳು ಅಷ್ಟು ಹೊತ್ತು ಒಂದೇ ಸಮನೆ ತನ್ನ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೆಳಗಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ನಿಗೆ ಜನ ಬೇಕಂತೆ, ತಾನು ಬಿ.ಕಾಂ. ಮಾಡಿದ್ದು ಡಬ್ಬದಲ್ಲಿ ಇಡಲಿಕ್ಕಲ್ಲ ಎಂದಳು. ಊರಿನಲ್ಲಿ ತನಗೆ ಎಲ್ಲರೂ ಇದ್ದಾರೆ, ಆದರೆ ತನ್ನ ಮನೆ ಇದು ಎಂದಳು. ಅಪ್ಪ ಎಲ್ಲ ಕೇಳಿಸಿಕೊಂಡರು. ಕೊನೆಗೆ ಅವರು ಹೇಳಿದ್ದು ನಾನು ನಿರೀಕ್ಷಿಸಿದ್ದಲ್ಲ.

“ನಾನು ಸುಳ್ಳು ಹೇಳುವುದಿಲ್ಲ. ನೀವು ಊರಿಗೆ ಹೋಗುವುದೇ ಒಳ್ಳೆಯದು ಅಂತ ನನಗೆ ಈಗಲೂ ಕಾಣ್ತದೆ. ದಿನಾ ಆ ಬಸ್ಸಿನಲ್ಲಿ ಹೋಗಿ ಬಂದರೆ ನಾನು ನಿಮಗೆ ಸಿಗುವುದು ಮಲಗಿದ ಮನುಷ್ಯನಾಗಿ ಮಾತ್ರ.”

“ಮಲಗಿದವರಾದರೂ ಅಡ್ಡಿಯಿಲ್ಲ,” ಎಂದಳು ಅಮ್ಮ.

ಕೈ ಎತ್ತಿದೆವು. ಇರುವುದಕ್ಕೆ ಅಮ್ಮ, ನಾನು, ಮಾವ. “ಪುಂಡಿಗೋಸ್ಕರ,” ಎಂದ ಅವನು, ಆದರೆ ಕಣ್ಣು ಒರೆಸಿಕೊಂಡ. ಹೋಗುವುದಕ್ಕೆ ಅಪ್ಪ ಒಬ್ಬರೇ. ಮೂರು, ಒಂದು. ಬೆಳಿಗ್ಗೆ ಎಂಟು ಐವತ್ತೈದು. ಅಪ್ಪ ನನ್ನ ಡೈರಿಯ ಪುಟದಲ್ಲಿ ಸಹಿ ಮಾಡಿದರು, ಹೊತ್ತನ್ನೂ ಬರೆದರು, ಆಮೇಲೆ ಸಾರು ಹಾಕಿಸಿಕೊಳ್ಳಲು ತಟ್ಟೆ ಮುಂದೆ ಹಿಡಿದರು. ಸೋತವರು ಹಾಗೆ ಉಣ್ಣುವುದನ್ನು ನಾನು ಅದೇ ಮೊದಲು ನೋಡಿದ್ದು. ಭಾನುವಾರ ನಾಲ್ಕೂವರೆಯ ಬಸ್ಸು ಹಿಡಿದರು. ನಾಲ್ಕು ವರ್ಷ ಮೂರು ತಿಂಗಳು ಹಿಡಿದರು. ರಜೆ ಕಳೆದು ನನ್ನ ಲೆಕ್ಕದಲ್ಲಿ ಸಾವಿರದ ಇನ್ನೂರ ಆರು ದಿನ. ಅಷ್ಟು ದಿನಗಳಲ್ಲಿ ಒಂದು ದಿನವೂ ‘ನಾನು ಹೇಳಿರಲಿಲ್ಲವಾ’ ಎನ್ನಲಿಲ್ಲ. ಅವರು ಹೇಳಿದಂತೆಯೇ ಆಯಿತು, ಎಷ್ಟೋ ವಾರ ನಾನು ಅವರನ್ನು ನೋಡಿದ್ದು ಮಲಗಿದ ಮನುಷ್ಯನಾಗಿಯೇ. ಆದರೆ ಸಂಜೆ ಓದಲು ಕೂರುವ ಮೊದಲು ಅವರ ಊಟದ ತಟ್ಟೆಯನ್ನು ಮುಚ್ಚಿಡುವ ಕೆಲಸ ನನ್ನದಾಗಿತ್ತು. ಅಮ್ಮ ಕ್ಲಿನಿಕ್ಕಿಗೆ ಸೇರಿದಳು, ಈಗಲೂ ಅಲ್ಲೇ ಇದ್ದಾಳೆ. ದೇವಿಗೆ ಪ್ರತಿ ಶುಕ್ರವಾರ ಇಡೀ ಸೇವಂತಿಗೆ ಪಾದಕ್ಕೆ ಸಲ್ಲುತ್ತದೆ. ಪೂಜೆ ನಿಲ್ಲಲಿಲ್ಲ, ಪ್ರಶ್ನೆ ನಿಂತಿತು.

ಸೆಮಿನಾರು ಮೇ ೨೦ಕ್ಕೆ ಆಯಿತು. ಏಳು ನಿಮಿಷ ಮಾತಾಡಿದೆ. ಕೆಂಪು ಶಾಯಿಯ ಸಾಲನ್ನು ಈ ಸಲ ಮೊದಲೇ ಓದಿದೆ. ಮನೆಗೆ ಬಂದು ಅಮ್ಮನಿಗಾಗಿ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ. ಎಲ್ಲ ಮನುಷ್ಯರನ್ನೂ ಸೃಷ್ಟಿಕರ್ತ ಸಮಾನರಾಗಿ ಮಾಡಿದ್ದಾನೆ ಎಂದು ಬರೆದವರಲ್ಲಿ ಕೆಲವರು ಮನುಷ್ಯರನ್ನೇ ಗುಲಾಮರಾಗಿ ಇಟ್ಟುಕೊಂಡಿದ್ದರು ಎಂಬುದನ್ನೂ ಹೇಳಿದೆ. ಅಮ್ಮ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತ ಕೇಳಿದಳು.

“ಆ ಸಭೆಯಲ್ಲಿ ಹೆಂಗಸರು ಎಷ್ಟು?”

“ಸೊನ್ನೆ.”

“ಸಭೆಯಲ್ಲಿ ಬೇಡ. ರಾತ್ರಿ ಮನೆಗೆ ಹೋದ ಮೇಲೆ ಹೆಂಡತಿಯನ್ನಾದರೂ ಕೇಳಿದ್ದರಾ, ನಿನಗೆ ಹೇಗೆ ಕಾಣ್ತದೆ ಅಂತ?”

ಹುಡುಕಿ ಹೇಳುತ್ತೇನೆ ಎಂದೆ. ಅದಕ್ಕಾಗಿ ಡೈರಿಯಲ್ಲಿ ಗೆರೆ ಎಳೆದು ನಾಲ್ಕು ಕಾಲಮ್ಮು ಮಾಡಿದ್ದೇನೆ: ಯಾರ ಮನೆ, ಯಾವ ಹೆಂಗಸು, ಏನು ಕೇಳಿದರು, ಆಕೆ ಏನು ಹೇಳಿದಳು. ಗಂಡನಿಗೆ ಕಾಗದ ಬರೆದು ಹೆಂಗಸರಾದ ನಮ್ಮನ್ನು ಮರೆಯಬೇಡಿ ಎಂದವರು ಸಿಕ್ಕಿದ್ದಾರೆ. ಆದರೆ ಅವರು ತಾವಾಗಿ ಹೇಳಿದ್ದು. ಅಮ್ಮನಿಗೆ ಬೇಕಾದದ್ದು ಗಂಡಸು ತಾನಾಗಿ ಕೇಳಿದ್ದು. ನಿಮ್ಮಲ್ಲಿ ಯಾರಿಗಾದರೂ ಅಂಥ ಒಂದು ಮನೆ ಗೊತ್ತಿದ್ದರೆ, ಯಾವ ದೇಶದ್ದಾದರೂ ಸರಿ, ಎಷ್ಟು ಸಣ್ಣ ವಿಷಯವಾದರೂ ಸರಿ, ದಯವಿಟ್ಟು ಬರೆದು ತಿಳಿಸಿ. ತಾರೀಖು ಗೊತ್ತಿದ್ದರೆ ತಾರೀಖಿನೊಂದಿಗೆ. ಅಮ್ಮ ಇನ್ನೂ ಕೇಳುತ್ತಿರುತ್ತಾಳೆ.